ಹ್ಞೂ ಅನ್ನುವವರು

ಮಸ್ಕಿಯಿಂದ ಹದಿನಾರು ಕಿಲೋಮೀಟರು,
ಪಂಚಾಯ್ತಿ ಆಫೀಸಿನ ಹಿಂದಿನ ಕೋಣಿ.
ಗ್ವಾಡಿಗೊಂದು ಕಬ್ಬಿಣದ ಪೆಟ್ಟಿಗಿ, ಅದಕ್ಕೊಂದು ಹಸಿರು ಕಣ್ಣು,
ಕೆಳಗ ನಾನು.
ಹೆಸರು ದಸ್ತಗಿರಿ. ನಗಬ್ಯಾಡ್ರಿ,
ಪೊಲೀಸರಿಗೂ ನನಗೂ ಸಂಬಂಧ ಇಲ್ಲ.
ಕಂಪ್ಯೂಟರ್ ಆಪರೇಟರ್. ಐದು ತಿಂಗಳ ಗೌರವಧನ ಬಾಕಿ.

ಸರ್ಕಾರ ನೆಲ ಅಗದು ಗಾಜಿನ ನೂಲು ಹೂಳಿತು.
ತೊಗರಿ ಹೊಲ ದಾಟಿ, ಕಾಲುವಿ ದಾಟಿ,
ಕೂದಲಷ್ಟು ಸಣ್ಣ ಎಳಿ, ದಿಲ್ಲಿ ಮಟ ಹೋಗತದಂತ.
ಎಷ್ಟು ಕೋಟಿ ಅಂತ ಗ್ವಾಡಿ ಮ್ಯಾಲ ಬರದಿದ್ರು,
ಮಳಿಗೆ ಎರಡು ಸೊನ್ನಿ ಅಳಿಸಿ ಹೋಗ್ಯಾವ.

ಸೋಮವಾರ ಸುಂಕ್ಲಮ್ಮ ಬಂದ್ಳು,
ಬಗಲಾಗ ತಂಬೂರಿ, ಹಳೇ ರಗ್ಗಿನ ಚೀಲದಾಗ.
"ಕಲಾವಿದರಿಗೆ ರೊಕ್ಕ ಬಂದಾವಂತಲ್ಲ, ಬರಿಯಪ್ಪಾ."
ಕಲಾ ಪ್ರಕಾರ: ಪಟ್ಟಿ ತಗದೆ.
ಸುಗಮ ಸಂಗೀತ ಅದ, ಅನಿಮೇಷನ್ ಅದ, ಗೇಮಿಂಗ್ ಅದ,
ಬುರ್ರಕಥಿ ಇಲ್ಲ.
"ಏನಂತ ಒತ್ತಿದಿ?"
"ಇತರೆ."
"ಖರೇ ಅದ ಬಿಡು," ಅಂದ್ಳು,
"ನಮ್ಮ ಗುಡಿಸಲಾ ಊರ ಹೊರಗೇ ಇದ್ವು."

ಹೆಬ್ಬೆರಳನ್ನ ಯಂತ್ರ ಗುರ್ತು ಹಿಡಿಲಿಲ್ಲ.
ಐವತ್ತು ವರ್ಷ ಹಿತ್ತಾಳಿ ಉಂಗುರ ತೊಟ್ಟು ತಾಳ ಹಾಕಿದ ಬೆರಳು,
ಗೆರಿ ಸವದಾವ.
"ಉಂಗುರದಾಗ ಅದಾವೇನು ನೋಡು, ಅದನ್ನ ಒತ್ತಲೇನು?"

ವಿಡಿಯೋ ಬೇಕಂತದ: ಮೂರು ನಿಮಿಷ, ಹತ್ತು ಎಂಬಿ ಮೀರಬಾರದು.
ಅಕಿ ಕಥಿ ಮೂರು ರಾತ್ರಿದು.
"ಯಾವ ರಾತ್ರಿ ಬಿಡಲಿ?" ಅಂತ ನನ್ನೇ ಕೇಳಿದ್ಳು.
ಮದುವಿ ಬಿಟ್ಟು, ಯುದ್ಧ ಬಿಟ್ಟು, ಅಣ್ಣನ ಶಪಥ ಬಿಟ್ಟು
ತಂಗಿ ಕೊಡ ಹಿಡದು ಹಳ್ಳಕ್ಕ ಇಳಿಯೋದೊಂದನ್ನ
ಫೋನಿನ ಮುಂದ ಹಾಡಿದ್ಳು.
ಫ್ಯಾನು ಬಂದ್ ಮಾಡಿದ್ದೆ.
ರೇಷನ್ ಪಾಳಿಯವರು ಪಾಳಿ ಬಿಟ್ಟು ಒಳಗ ಬಂದು ನಿಂತ್ರು.

ಕಳಿಸಿದೆ. ತೊಂಬತ್ತೇಳಕ್ಕ ನಿಂತ್ತು.
ಕೆರಿ ಕಡೆ ಕುಡಿಯೋ ನೀರಿನ ಪೈಪಿಗಂತ ಜೆಸಿಬಿ ಬಂದಿತ್ತು;
ಒಂದು ಇಲಾಖೆ ಹೂಳಿದ್ದನ್ನ
ಇನ್ನೊಂದು ಇಲಾಖೆ ಹಲ್ಲಿಲೆ ಎಳದು ಒಗದಿತ್ತು.
ಹಸಿರು ಕಣ್ಣು ಕೆಂಪಾತು.

ಇಬ್ಬರೂ ಹೋಗಿ ನೋಡಿದ್ವಿ. ಎರಿ ಮಣ್ಣಾಗ ಹರದ ಕೇಬಲ್ಲು,
ತುದ್ಯಾಗ ಚೂರು ಬಿಸಿಲು ಮಿಣಕ್ ಅಂತಿತ್ತು.
ಕುಂಡಿ ಊರಿ ಕುಂತು, ಎಳಿ ಎಳದು ಮೀಟಿದ್ಳು, ತಂತಿ ಮೀಟಿದಂಗ.
ದನಿ ಬರಲಿಲ್ಲ.

"ಆ ಕಡೆ ಹ್ಞೂ ಅನ್ನೋರು ಯಾರದಾರೋ?"
"ಯಾರೂ ಇಲ್ಲಬೇ. ಸರ್ವರ್ ಇರತದ."
"ನೋಡು ಮತ್ತ. ನಾ ಕಥಿ ಹೇಳಿದ್ರ
ನನ್ನ ತಂಗಿ ಗುಮ್ಮಟಿ ಬಡದು ಹ್ಞೂ ಅಂತಿದ್ಳು.
ಹ್ಞೂ ಅನ್ನದಿದ್ರ ಕಥಿ ಮುಂದಕ್ಕ ಹೆಜ್ಜಿ ಇಡಂಗಿಲ್ಲ.
ಅಕಿ ಹೋಗಿ ನಾಕು ವರ್ಷಾತು.
ರೇಡಿಯೋದಾಗ ಒಮ್ಮಿ ಹಾಡಿದ್ವಿ,
ಗಾಜಿನ ಆಚಿ ಒಬ್ಬ ಕುಂತು ತಲಿ ಆಡಿಸ್ತಿದ್ದ.
ದನಿ ಕೇಳಲಿಲ್ಲ, ತಲಿ ಕಂಡಿತ್ತು. ಅಷ್ಟು ಸಾಕಿತ್ತು."

ಮಸ್ಕಿ ಗುಡ್ಡದಾಗ ರಾಜನ ಮಾತು ಬಂಡಿಗೆ ಕೊರದಾರ,
ಎರಡು ಸಾವಿರ ವರ್ಷದ ಪ್ರಸಾರ, ಕರೆಂಟಿಲ್ಲ, ಕೇಬಲ್ಲಿಲ್ಲ.
ಶಾಲಿಯಿಂದ ಕರಕೊಂಡು ಹೋಗಿದ್ರು, ಜಾಳಿಗಿ ಹಿಡದು ನೋಡಿದ್ದೆ.
ಓದಿ ಹ್ಞೂ ಅಂದವರ ಹೆಸರು
ಅಲ್ಲೂ ಬರದಿಲ್ಲ.

ಶುಕ್ರವಾರ ಎಳಿ ಕೂಡಿಸಿದ್ರು.
ರಾತ್ರಿ ಒಂಬತ್ತು, ಕೋಣ್ಯಾಗ ನಾನು, ಒಂದು ಹಲ್ಲಿ.
ತೊಂಬತ್ತೆಂಟು.
ಯಾರೂ ನೋಡ್ತಿಲ್ಲಂತ ಖಾತ್ರಿ ಮಾಡಿಕೊಂಡು
ಹ್ಞೂ, ಅಂದೆ.
ತೊಂಬತ್ತೊಂಬತ್ತು.
ಹ್ಞೂ.

ಹದಿನೈದು ಅಂಕಿಯ ಸ್ವೀಕೃತಿ ಸಂಖ್ಯೆ ಬಂತು.
'ಪರಿಶೀಲನೆಯಲ್ಲಿದೆ.'
ದಿನಾ ತಗದು ನೋಡ್ತೀನಿ, ಅಕಿದೂ, ನನ್ನ ಗೌರವಧನದ್ದೂ,
ಎರಡಕ್ಕೂ ಅದೇ ಮಾತು.
ಫೋನು ತುಂಬ್ಯದ, ಏನಾರ ಅಳಿಸು ಅಂತದ.
ಲಗ್ನದ ಫೋಟೋ ಅಳಿಸಿದೆ.
ತಂಗಿ ಇನ್ನಾ ಕೊಡ ಹಿಡದು
ಹಳ್ಳಕ್ಕ ಇಳೀಲಿಕ್ಕತ್ಯಾಳ.