ತೋಳಿದ್ದಷ್ಟು ಕೋಲು

ಬಾಗಿಲು ಹಾಕ್ಕೋ, ಕಾರ್ಸನ್. ಸೇಂಟ್ ಲಾರೆನ್ಸ್ ಗಾಳಿ ಒಳಗೆ ಬಂದರೆ
ಆವಿಯಲ್ಲಿ ಬೆಂದು ಈಗಷ್ಟೇ ಬಾಗಿದ ಮರ
ಮುನಿಸಿಕೊಂಡು ಸೀಳುತ್ತದೆ.
ಆ ನೀಲಿ ಪ್ಲಾಸ್ಟಿಕ್ಕು ಹೊಸ್ತಿಲಾಚೆ ಇರಲಿ.
ಬೈಯುತ್ತಿಲ್ಲಪ್ಪ, ಅದೂ ಆಡುತ್ತದೆ.
ನನ್ನ ಮೊಮ್ಮಗಳ ಗಂಡ ಅದರಲ್ಲೇ ಆಡುವುದು,
ತಲೆ ಮುರಿದರೆ ಕಾರ್ನ್‌ವಾಲ್ ಪೇಟೆಗೆ ಹೋಗಿ
ಇನ್ನೊಂದು ತಲೆ ಕೊಂಡು ಬರುತ್ತಾನೆ.
ಇಲ್ಲಿ ತಲೆ ಬದಲಾಯಿಸಲು ಬರುವುದಿಲ್ಲ,
ಕೋಲಿಗೂ, ನನಗೂ.

ಟ್ರೆವರಣ್ಣನ ಕೋಲಿನಂಥದ್ದೇ ಬೇಕು ಅಂತೀಯ.
ನಲವತ್ತು ಇಂಚು, ಹಗುರ, ಆಳವಾದ ಜೋಳಿಗೆ.
ಟ್ರೆವರ್ ಕಳ್ಳ. ಹೊಗಳಿಯೇ ಹೇಳುತ್ತಿದ್ದೇನೆ.
ಮೂವರ ನಡುವೆ ನುಸುಳಿ
ಮರಿ ಕಚ್ಚಿಕೊಂಡ ಬೆಕ್ಕಿನ ಹಾಗೆ ಚೆಂಡು ದಾಟಿಸುತ್ತಾನೆ.
ಅಂಥವನಿಗೆ ಜೋಳಿಗೆ ಜೋತಿರಬೇಕು;
ಬಿಡುವಾಗ ಚೂರು ತಡವಾದರೂ
ನೂಕುನುಗ್ಗಲಲ್ಲಿ ಜಾರಬಾರದು.

ನೀನೋ?
ಭಾನುವಾರ ಅರೀನಾದಲ್ಲಿ ಕಂಬಳಿ ಹೊದ್ದು ಕೂತು ನೋಡಿದೆ.
ಚೆಂಡು ಬಂದದ್ದೇ ತಡ, ಕೆಂಡ ಹಿಡಿದವನ ಹಾಗೆ
ಇನ್ನೊಬ್ಬನಿಗೆ ಕೊಟ್ಟುಬಿಟ್ಟೆ.
ಹಿಂದಿನ ಸಾಲಿನವರು ನಕ್ಕರು.
ನಾನು ನಗಲಿಲ್ಲ. ಕೊಟ್ಟದ್ದು ಸರಿಯಾದವನಿಗೇ.

ಕೋಲು ಆಮೇಲೆ. ಒಲೆ ಮೇಲೆ ಜೋಳದ ಸಾರಿದೆ,
ಎರಡು ಬಟ್ಟಲು ಬಗ್ಗಿಸಿ ತಾ.
ತುಂಬ ತುಂಬಿಸು, ಪರವಾಗಿಲ್ಲ.

ನೋಡು.
ಸಾರು ಚೆಲ್ಲಲಿಲ್ಲ ಅನ್ನುವುದಲ್ಲ,
ಚೆಲ್ಲಿದೆ, ನೆಲ ಒರೆಸು.
ಹೆಜ್ಜೆ ಇಡುವ ಮುಂಚೆ ಹಿಂದೆ ತಿರುಗಿ ನೋಡಿದೆ,
ನಾಯಿ ಎಲ್ಲಿ ಮಲಗಿದೆ ಅಂತ.
ಅದು ಎದ್ದಾಗ ಮಂಡಿ ಅಡ್ಡ ಕೊಟ್ಟೆ,
ಯೋಚನೆ ಮಾಡದೆ.
ಗೋಲು ಹೊಡೆಯುವವರು ಹಿಂದೆ ನೋಡುವುದಿಲ್ಲ, ಹುಡುಗಾ.
ಹಾಗಂತ ಅದು ತಪ್ಪೂ ಅಲ್ಲ.

ಇದನ್ನು ಹಿಡಿ.
ಹೌದು, ಉದ್ದ. ನಿನಗಿಂತಲೂ ಉದ್ದ, ಈ ವರ್ಷಕ್ಕೆ.
ಮುಖ ಸಣ್ಣ ಮಾಡಬೇಡ.
ಹಿಕರಿ ಮರವನ್ನು ಉದ್ದುದ್ದ ಸೀಳಿ
ಹತ್ತು ತಿಂಗಳು ಹದಕ್ಕೆ ಬಿಟ್ಟದ್ದು ಇದು,
ಜೋಳಿಗೆ ಎತ್ತರದಲ್ಲಿ, ಬಿಗಿ:
ಚೆಂಡು ಉಳಿಸಿಕೊಳ್ಳುವುದಕ್ಕಲ್ಲ, ಕಿತ್ತು ದಾಟಿಸುವುದಕ್ಕೆ.
ಕೆಳಗೈ ತುದಿಯಲ್ಲಿರಲಿ, ಮೇಲಿನ ಕೈ ಸಡಿಲ.
ಟ್ರೆವರನಂಥ ಕಳ್ಳನ ಮೊಣಕೈಗೆ
ಇದು ಎರಡು ಹೆಜ್ಜೆ ಮೊದಲೇ ತಲುಪುತ್ತದೆ.
(ಈಗ ನಕ್ಕೆ ನೋಡು.)

ಹಾಸಿಗೆ ಇದ್ದಷ್ಟು ಕಾಲು ಅಂತಾರೆ.
ತೋಳಿದ್ದಷ್ಟು ಕೋಲು ಅಂತೇನೆ ನಾನು.
ನಿನ್ನಪ್ಪನಿಗೆ ಇದನ್ನು ಹೇಳಲಿಲ್ಲ, ಕೇಳಿದ್ದನ್ನು ಕೊಟ್ಟೆ.
ಮೂರು ಬೇಸಿಗೆ ಇನ್ನೊಬ್ಬನ ಆಟ ಆಡಿ
ಕೋಲು ಗೋಡೆಗೆ ತೂಗುಹಾಕಿ
ನ್ಯೂಯಾರ್ಕಿಗೆ ಉಕ್ಕಿನ ತೊಲೆ ಹತ್ತಲು ಹೋದ.
ಅಲ್ಲಿ ಚೆನ್ನಾಗಿ ನಿಲ್ಲುತ್ತಾನಂತೆ, ನಲವತ್ತನೇ ಮಹಡಿಯಲ್ಲಿ.
ತಪ್ಪು ನನ್ನದೂ ಇತ್ತು.

ದುಡ್ಡು ಬೇಡ. ಶನಿವಾರ ಬಂದು ಸಿಪ್ಪೆ ಕೆರೆ.

ಏನು, ಮಂಚದ ಕೆಳಗಿನದೋ?
ಅದು ಮಾರುವುದಲ್ಲ. ಅಗಲ ತಲೆ, ಗೋಲ್‌ಕೀಪರಿನದು.
ಈ ಎರಡು ಹಲ್ಲು ಅದರ ಲೆಕ್ಕ.
ಎಲ್ಲರೂ ಮುಂದೆ ಓಡುವಾಗ
ಒಬ್ಬ ಉಳಿಯಬೇಕಲ್ಲ, ಉಳಿದೆ.

ಹೋಗುವಾಗ ಅದನ್ನು ನನ್ನ ಪಕ್ಕ ಮಲಗಿಸುತ್ತಾರೆ.
ನಮ್ಮವರು ಅಲ್ಲಿಯೂ ಆಡುತ್ತಿದ್ದಾರೆ,
ಒಳ್ಳೊಳ್ಳೆಯ ಆಟಗಾರರೆಲ್ಲ ಹೋಗಿ ಸೇರಿದ್ದಾರೆ.
ಆದರೂ, ನೋಡುತ್ತಿರು,
ಅಲ್ಲಿಯೂ ಎಲ್ಲರಿಗೂ ಗೋಲು ಹೊಡೆಯುವ ಆಸೆ.
ಕಂಬಗಳ ನಡುವೆ ಜಾಗ
ಖಾಲಿಯೇ ಇರುತ್ತದೆ.

ಬಾಗಿಲು. ಬಾಗಿಲು ಹಾಕ್ಕೊಂಡು ಹೋಗು.