ಮಲಗುವ ಹೊತ್ತಿಗೆ ಎರಡು

ಡಬ್ಬಿಯ ಮೇಲೆ ಬರೆದಿದೆ: ಮಲಗುವ ಹೊತ್ತಿಗೆ ಎರಡು.
ಯಾರು ಮಲಗುವ ಹೊತ್ತಿಗೆ ಎಂದು ಬರೆದಿಲ್ಲ.
ನಾನು ಬೇಕರಿಯವಳು,
ರಾತ್ರಿ ಒಂದೂವರೆಗೆ ಎದ್ದು ಒಲೆ ಹಚ್ಚುವವಳು.
ವಾರ್ಡೋದಲ್ಲಿ ಜೂನ್ ಬಂದರೆ ಸೂರ್ಯ ಮುಳುಗುವುದಿಲ್ಲ,
ಕಡಲಂಚಿನವರೆಗೆ ಬಂದು, ಏನೋ ಮರೆತವನಂತೆ
ಮತ್ತೆ ಮೇಲೆ ಹೋಗುತ್ತಾನೆ.
ಕಿಟಕಿಗೆ ಎರಡು ಕಂಬಳಿ ಮೊಳೆ ಹೊಡೆದು
ಕೈಯಾರೆ ಮಾಡಿಕೊಂಡ ರಾತ್ರಿ ನನ್ನದು,
ಸಂಜೆ ಆರಕ್ಕೆ ಶುರು.

ಮೊದಲು ಬಂದದ್ದು ಬೆಂಕಿ.
ಒಲೆಯದೋ ನನ್ನದೋ ತಿಳಿಯದೆ ಎರಡು ವರ್ಷ ಕಳೆದೆ.
ಒಮ್ಮೆ ಹಿಮದಲ್ಲಿ, ಏಪ್ರನ್ನಿನಲ್ಲೇ,
ಮೈಯಿಂದ ಹಬೆಯೇಳುತ್ತ ನಿಂತಿದ್ದಾಗ
ಏಡಿ ಹಿಡಿಯುವ ಆಸ್ಲಾಕ್ ಕೇಳಿದ್ದ,
"ಗುನ್‌ವೋರ್, ನೀನೂ ಬೆಂದಾಯಿತಾ?"

ಆಮೇಲೆ ತೋಳಿಗೆ ಹಚ್ಚುವ ಜೆಲ್ ಬಂತು.
ಬೆಂಕಿ ಮೆತ್ತಗಾಯಿತು.
ಮರೆತುಹೋಗಿದ್ದ ಗಿರಾಕಿಗಳ ಹೆಸರು
ಒಂದೊಂದೇ ಬಂದು ಬಾಗಿಲು ತಟ್ಟಿದವು.
"ಜೊತೆಗೆ ಇದೂ" ಎಂದರು ಡಾಕ್ಟರು,
"ಗರ್ಭಕೋಶ ಇರುವ ತನಕ ಒಳಪದರಕ್ಕೊಂದು ಕಾವಲು ಬೇಕು."

ಒಂದೂ ಹೆರದ ಕೋಣೆ ಅದು.
ಯಾರೂ ಇಳಿದುಕೊಳ್ಳದ ಮನೆಗೆ ಕಾವಲುಗಾರ,
ಅವನ ಸಂಬಳ ನನ್ನ ಎಚ್ಚರ, ನನ್ನ ಸೊಂಟ,
ನನ್ನ ನಾಲಿಗೆಯ ಹದ.

ತಿಂಗಳಿಗೆ ಹದಿನಾಲ್ಕು ದಿನ.
ಗೋಡೆಯ ಕ್ಯಾಲೆಂಡರಿನಲ್ಲಿ ಹಿಟ್ಟಿನ ಹೆಬ್ಬೆಟ್ಟು ಒತ್ತುತ್ತೇನೆ.
ಮೊದಲೆರಡು ದಿನ ಏನೂ ಇಲ್ಲ.
ಮೂರಕ್ಕೆ ಎದೆ ಹಸಿಹುಣ್ಣು, ಏಪ್ರನ್ನಿನ ಪಟ್ಟಿಯೂ ಭಾರ.
ಹೊಟ್ಟೆ, ಬೆಚ್ಚನೆ ಮೂಲೆಯಲ್ಲಿಟ್ಟು ಮರೆತ ಹಿಟ್ಟಿನಂತೆ,
ತನ್ನಷ್ಟಕ್ಕೆ ಉಬ್ಬುತ್ತದೆ.
ಗುದ್ದಿ ಇಳಿಸೋಣವೆಂದರೆ
ಇದು ನನ್ನ ಮಾತು ಕೇಳುವ ಹಿಟ್ಟಲ್ಲ.
ಐದಕ್ಕೆ ತಕ್ಕಡಿಯ ಮೇಲೇ ತಲೆಯಿಟ್ಟು ತೂಕಡಿಸಿದೆ.
ಮುಳ್ಳು ನಾಲ್ಕು ಕಿಲೋ ತೋರಿಸುತ್ತಿತ್ತಂತೆ,
ಕೆಲಸ ಕಲಿಯುವ ಹುಡುಗ ತೋರ್ಫಿನ್ ಹೇಳಿದ.
ಎಬ್ಬಿಸಲು ಹೆದರಿದ್ದ.
ಒಂದು ತಟ್ಟೆ ಬನ್ ಇದ್ದಿಲಾಯಿತು.

ಒಂಬತ್ತನೆಯ ದಿನ ಅವನು ಏಲಕ್ಕಿ ತುಸು ಹೆಚ್ಚು ಹಾಕಿದ. ಅಷ್ಟೇ.
ನಾನು ಆಡಿದ್ದನ್ನು ಇಲ್ಲಿ ಬರೆಯಲಾರೆ.
ಆಮೇಲೆ ಮೂಟೆಗಳ ಹಿಂದೆ ಕೂತು ಅಳುವಾಗ ಗೊತ್ತಿತ್ತು,
ಇದು ನನ್ನ ಅಳುವಲ್ಲ, ಬಾಡಿಗೆಗೆ ಬಂದದ್ದು,
ಹದಿನಾಲ್ಕು ದಿನ ಇದ್ದು ಹೋಗುವಂಥದ್ದು.
ಗೊತ್ತಿದ್ದು ಏನಾಯಿತು?
ಕಣ್ಣು ನನ್ನದೇ, ಉಪ್ಪೂ ನನ್ನದೇ.

"ಬಿಟ್ಟುಬಿಡೇ" ಅಂದಳು ಅಕ್ಕ ಫೋನಿನಲ್ಲಿ,
"ಅಮ್ಮ ಏನು ನುಂಗಿದ್ದಳು?"
ಏನೂ ಇಲ್ಲ.
ಅಮ್ಮ ಮೀನು ಸೀಳುವ ಶೆಡ್ಡಿನಲ್ಲಿ ಐದು ವರ್ಷ
ಒಬ್ಬರೊಡನೆಯೂ ಮಾತಾಡಲಿಲ್ಲ.
ನಾವದನ್ನು ಸ್ವಭಾವ ಅಂದುಕೊಂಡಿದ್ದೆವು.

ಕ್ಯಾಲೆಂಡರನ್ನೇ ಸುರುಳಿ ಸುತ್ತಿ ಡಾಕ್ಟರ ಬಳಿ ಒಯ್ದೆ.
ಅವರು ಹೆಬ್ಬೆಟ್ಟುಗಳನ್ನು ಎಣಿಸಿದರು. ಎರಡು ಸಲ.
ಮೇಜಿನ ಮೇಲೆ ಉದುರಿದ ಹಿಟ್ಟನ್ನು ಒರೆಸಲಿಲ್ಲ.
"ಇದನ್ನೇ ನುಂಗದೆ ಕೆಳಗಿನಿಂದ ಒಳಗಿಟ್ಟು ನೋಡೋಣ,
ಕೆಲವರಿಗೆ ಮಂಪರು ಕಡಿಮೆ.
ಒಗ್ಗದಿದ್ದರೆ ಬೇರೆ ದಾರಿಗಳಿವೆ.
ನೀವಾಗಿ ನಿಲ್ಲಿಸಬೇಡಿ, ಅಷ್ಟು ಮಾಡಿ."
ಕೆಲವರಿಗೆ.
ಆ ಮಾತನ್ನು ಬಿಸಿ ಬ್ರೆಡ್ಡಿನಂತೆ ಕಂಕುಳಲ್ಲಿಟ್ಟುಕೊಂಡು
ಗಾಳಿಗೆ ಬೆನ್ನು ಕೊಟ್ಟು ನಡೆದೆ.

ಇದು ಮೂರನೆಯ ತಿಂಗಳು.
ತೂಕಡಿಕೆ ಅರ್ಧಕ್ಕಿಳಿದಿದೆ. ಎದೆ ಮಾತ್ರ ಹಾಗೇ.
ಒಂಬತ್ತನೆಯ ದಿನ ಬಂದರೆ ತೋರ್ಫಿನ್
ಏಲಕ್ಕಿ ಡಬ್ಬಿಯನ್ನು ಸುಮ್ಮನೆ ನನ್ನ ಕಡೆಗೆ ಸರಿಸುತ್ತಾನೆ,
ನೀವೇ ಹಾಕಿ ಅನ್ನುವಂತೆ.
ಹತ್ತೊಂಬತ್ತರ ಹುಡುಗ, ಯಾರೂ ಹೇಳಿಕೊಡದೆ
ಗೋಡೆಯನ್ನು ಓದಲು ಕಲಿತಿದ್ದಾನೆ.

ಸಂಜೆ ಆರು. ಹೊರಗೆ ನಡು ಮಧ್ಯಾಹ್ನದ ಬೆಳಕು,
ಕಡಲಹಕ್ಕಿಗಳ ಜಗಳ.
ಕಂಬಳಿಯ ಮೊಳೆತೂತಿನಲ್ಲಿ ಒಂದೇ ಒಂದು ಚುಕ್ಕಿ.
ಬಾ ಕಾವಲುಗಾರ, ಇವತ್ತು ಏಳನೆಯ ದಿನ.
ಒಳಗೆ ಯಾರೂ ಇಲ್ಲವೆಂದು ನಿನಗೂ ಗೊತ್ತು.
ಬೂಟು ಹೊರಗೆ ಬಿಟ್ಟು ಓಡಾಡು.
ಒಂದೂವರೆಗೆ ನಾನು ಏಳಬೇಕು.