ಅರ್ಕಾವತ್ತು

ಮತ್ತಿಕೆರೆಯಲ್ಲಿ ಗಂಗರೇವಯ್ಯನವರ ಸೈಕಲ್ ಶಾಪು.
ಅದರ ಮೇಲೆ, ಟ್ಯೂಬು ಟಯರಿನ ವಾಸನೆ ಮೆಟ್ಟಿಲು ಹತ್ತಿ ಬರುವ ಕೋಣೆ.
ಬಾಡಿಗೆ ಇಲ್ಲ. "ಕನ್ನಡದ ಕೆಲಸ ಅಂತೀರಿ, ಕೂತ್ಕೊಳ್ಳಿ,
ಹೋಗುವಾಗ ಫ್ಯಾನ್ ಆರಿಸಿ." ಇಷ್ಟೇ ಕರಾರು,
ಒಂಬತ್ತು ವರ್ಷದಿಂದ.

ಆಗ ಶನಿವಾರಕ್ಕೆ ಏಳು ಜನ.
ಎದುರಿನ ದರ್ಶಿನಿಯಿಂದ ನಾಲ್ಕು ಬೈ ಟು ಕಾಫಿ, ಎಂಟು ಲೋಟ.
ಎಂಟನೆಯದು, ಯಾರಾದರೂ ಬಂದರೆ ಇರಲಿ ಅಂತ.

ಪುಸ್ತಕದ ಪುಟದ ಮೇಲೆ ಫೋನು ಹಿಡಿದರೆ
ಓದಿ ಹೇಳಬೇಕು ಅದು, ಕಣ್ಣು ಕಾಣದವರಿಗೆ.
ಕಾಸು ಕೇಳಬಾರದು. ಒಳಗಿನ ಹೆಣಿಗೆಯನ್ನು
ನೋಡಬೇಕು ಅಂದವರಿಗೆಲ್ಲ ಬಿಚ್ಚಿ ತೋರಿಸಬೇಕು.
ಅಷ್ಟೇ ಅಂದುಕೊಂಡಿದ್ದೆವು. ಅಷ್ಟೇ!

ಮೊದಲ ವರ್ಷ ಮುಂಡರಗಿಯಿಂದ ಒಬ್ಬ ಹುಡುಗನ ಫೋನು:
"ಅಕ್ಕಾ, ಪಾಠದಾಗ 'ಸೂಯ ಒಂಬತ್ತು ಹುಟ್ಟಿದನು' ಅಂತೈತ್ರಿ ಇದು.
ಸೂರ್ಯ ಒಂಬತ್ತಕ್ಕ ಹುಟ್ಟತಾನೇನು?"
ನಕ್ಕು ನಕ್ಕು ಡೊಮಿನಿಕ್ ಕಾಫಿ ಚೆಲ್ಲಿದ.
ಆಮೇಲೆ ಚೆನ್ನವೀರ ಎದ್ದು ಬೋರ್ಡಿನ ಮೇಲೆ ಬರೆದ:
ರ್ಯ. ೯.
ಎರಡಕ್ಕೂ ಒಂದೇ ಕೊಕ್ಕೆ.
ಅರ್ಕಾವತ್ತನ್ನು ಅಂಕಿಯೆಂದು ನಂಬಿತ್ತು ಯಂತ್ರ.
ನಾಲ್ಕು ತಿಂಗಳು ಹಿಡಿಯಿತು, ಸೂರ್ಯ ಸರಿಯಾಗಿ ಹುಟ್ಟಲು.

ಯಾರೂ ಬಾಗಿಲು ಬಡಿದು ಹೋಗಲಿಲ್ಲ.
ದಾಕ್ಷಾಯಿಣಿಗೆ ಅವಳಿ ಮಕ್ಕಳು.
ಇರ್ಷಾದನ ಮನೆ ಈಗ ವೈಟ್‌ಫೀಲ್ಡು; ಟಿನ್ ಫ್ಯಾಕ್ಟರಿ
ದಾಟುವಷ್ಟರಲ್ಲಿ ಶನಿವಾರವೇ ಮುಗಿದಿರುತ್ತದೆ.
ಡೊಮಿನಿಕ್ ಮಾತ್ರ ಒಂದು ಅರ್ಧವಿರಾಮದ ವಿಷಯಕ್ಕೆ
ಮುನಿಸಿಕೊಂಡ. ಅವನು ಹೇಳಿದ್ದೇ ಸರಿ ಇತ್ತು.
ಚೆನ್ನವೀರ ಏನೂ ಹೇಳಲಿಲ್ಲ. ಅವನ ಉತ್ತರ ಒಂದು ದಿನ ತಡ,
ಆಮೇಲೆ ಒಂದು ವಾರ, ಆಮೇಲೆ ಇಲ್ಲ.
ಸರ್ವರಿನ ಬೀಗ ಈಗಲೂ ಅವನ ಹೆಸರಲ್ಲಿ,
ಅದರ ಬಾಡಿಗೆ ನನ್ನ ಚೀಟಿ ದುಡ್ಡಲ್ಲಿ.
ಈಗ ಶನಿವಾರಕ್ಕೆ ಒಂದೇ ಬೈ ಟು, ಎರಡು ಲೋಟ.

ಹಗಲು ಯಶವಂತಪುರ ಡಿಪೋದಲ್ಲಿ ಟಿಕೆಟ್ಟಿನ ಲೆಕ್ಕ.
ರಾತ್ರಿ ಊರೂರಿನ ದೂರು.
ಯಾವುದೋ ದೊಡ್ಡ ಕಂಪನಿ ನಮ್ಮದನ್ನು
ತನ್ನ ಪೆಟ್ಟಿಗೆಯೊಳಗೆ ಕೂರಿಸಿ ಮಾರುತ್ತದಂತೆ;
ಅಲ್ಲಿಂದ ಒಬ್ಬರು ಬರೆದರು, ಕೆಂಪಕ್ಷರದಲ್ಲಿ:
ತುರ್ತು. ನಾಳೆ ಬೆಳಿಗ್ಗೆಯೊಳಗೆ.
ಓದಿದೆ. ಅನ್ನಕ್ಕಿಟ್ಟೆ. ಕುಕ್ಕರ್ ಮೂರು ಸಲ ಕೂಗಿತು.
ಮತ್ತೆ ಓದಿದೆ.
ಹನ್ನೆರಡೂ ಮುಕ್ಕಾಲಿಗೆ ಸರಿಮಾಡಿ ಕಳಿಸಿದೆ.
ಯಾಕೆ ಎಂದು ನನ್ನ ಕೇಳಬೇಡಿ.
ಅದೇ ತಪ್ಪು ಮುಂಡರಗಿಯಲ್ಲೂ ಇರುತ್ತದಲ್ಲ.

ಹೋದ ವಾರ ಅನ್ನಿಸಿತು, ಸಾಕು.
ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪತ್ರ ಪ್ರಿಂಟು ಹಾಕಿಸಿದೆ:
"ನಿರ್ವಹಣೆಯಿಂದ ನಾನು ಹಿಂದೆ ಸರಿಯುತ್ತಿದ್ದೇನೆ.
ಆಸಕ್ತರು ಮುಂದುವರಿಸಬಹುದು."
ಅಷ್ಟು ವರ್ಷಕ್ಕೆ ಎರಡೇ ಸಾಲು ಸಾಕಾಯಿತಲ್ಲ ಎಂದು
ಸ್ವಲ್ಪ ಬೇಜಾರೂ ಆಯಿತು.
ಕೈ ತನ್ನ ಪಾಡಿಗೆ ತಾನು ಅದರ ಮೇಲೆ ಫೋನು ಹಿಡಿಯಿತು.
ಒಳಗಿನ ದನಿ ದಾಕ್ಷಾಯಿಣಿಯದು,
ಬಸಿರಿಗೆ ಮುಂಚೆ ಹದಿನಾರು ರಾತ್ರಿ, ಇದೇ ಕೋಣೆಯಲ್ಲಿ,
ಫ್ಯಾನ್ ಆರಿಸಿ, ಬೆವರುತ್ತ ರೆಕಾರ್ಡು ಮಾಡಿದ್ದು.
ಸ್ಪಷ್ಟವಾಗಿ, ವಾರ್ತೆ ಓದುವ ಗಾಂಭೀರ್ಯದಲ್ಲಿ ಅವಳು ಓದಿದಳು:
"ನಿವ ಒಂಬತ್ತು ಹಣೆಯಿಂದ ನಾನು ಹಿಂದೆ..."

ಒಂಬತ್ತು. ಹಣೆ.

ಜೆರಾಕ್ಸಿನವನು ಹೊಸ ಫಾಂಟು ಹಾಕಿಕೊಂಡಿದ್ದಾನೆ.
ಕೊಕ್ಕೆಯ ಬಾಲ ಒಂದು ಕೂದಲಷ್ಟು ಉದ್ದ.
ಬಾಯಲ್ಲಿ ಮೊದಲು, ಬರಹದಲ್ಲಿ ಕೊನೆಗೆ ಬರುವ ಅಕ್ಷರ
ಮತ್ತೆ ಯಾರದೋ ಲೆಕ್ಕಕ್ಕೆ ಸಿಕ್ಕಿಹಾಕಿಕೊಂಡಿದೆ.

ಅದೇ ಹಾಳೆ ಹಿಡಿದು ಅವನ ಹತ್ತಿರ ಹೋದೆ.
ಪತ್ರದ ಬೆನ್ನಿಗೆ ಆ ಫಾಂಟಿನ ಒಂಬತ್ತುಗಳು ಒಂದು ಕಡೆ,
ಅರ್ಕಾವತ್ತುಗಳು ಇನ್ನೊಂದು ಕಡೆ, ಪ್ರಿಂಟು ಹಾಕಿಸಿಕೊಂಡು ಬಂದು ಕೂತೆ.
ಇದನ್ನು ಅವಳು ತಪ್ಪಿಲ್ಲದೆ ಓದಿದ ದಿನ
ಕಳಿಸುತ್ತೇನೆ.

ದರ್ಶಿನಿಯ ಹುಡುಗ ಲೋಟ ಒಯ್ಯಲು ಬಂದ.
ಒಂದು ಖಾಲಿ. ಇನ್ನೊಂದು ಕೆನೆ ಕಟ್ಟಿತ್ತು.
"ಇನ್ನೂ ಯಾರಾದ್ರೂ ಬರ್ತಾರಾ ಮೇಡಂ?"

ಇರಲಿ, ಅಂದೆ.